ಬೊಟ್ಟು ಇಟ್ಟ ಕಾವಲುಗಾರ

"ಮೇಷ್ಟ್ರೇ, ಕೆಟ್ಟಿದೆ ಎಂದು ನಾನೇ ಸಾರಿದ ಬಾವಿಯನ್ನು ಈಗ ಚೆನ್ನಾಗಿದೆ ಎಂದು ನಾನೇ ಹೇಳಿದರೆ ಊರು ನಗುವುದಿಲ್ಲವೇ?" ಎಂದು ವಾರಿಜಾ ಕೇಳಿದಳು.

ಊರಿನ ನೀರು ಪರೀಕ್ಷಿಸುವ ಕೆಲಸ ಅವಳದು. ತಿಂಗಳ ಹಿಂದೆ ಬಾವಿಯ ಕಟ್ಟೆಗೆ ಕೆಂಪು ಗುರುತು ಬಳಿದಿದ್ದಳು. ಈಗ ಮೂರು ಸಲ ನೋಡಿದರೂ ನೀರು ಶುದ್ಧ. ಹೆಂಗಸರು ಮಾತ್ರ ಇನ್ನೂ ಎರಡು ಮೈಲಿ ದೂರದಿಂದ ಕೊಡ ಹೊರುತ್ತಿದ್ದರು.

ಅವಳಿಗೆ ಸೂಕ್ಷ್ಮದರ್ಶಕದಲ್ಲಿ ನೋಡಲು ಕಲಿಸಿದ ದಾಸಪ್ಪ ಮೇಷ್ಟ್ರು ಮೀಸೆ ತಿರುವಿದರು.

"ನಾನು ನೋಡದ ಕೋಟೆಯಿಲ್ಲ, ಮಗಳೇ. ಒಮ್ಮೆ ಉಪ್ಪಿನ ಕಣವಾಗಿ ಒಂದು ಬ್ಯಾಕ್ಟೀರಿಯಾದ ಬಾಗಿಲಿಗೇ ಹೋಗಿದ್ದೆ. ನಂಬದಿದ್ದರೆ ಬಿಡು, ಕತೆ ಕೇಳು.

"ಆ ಕೋಟೆಯ ಗೋಡೆಯಲ್ಲೇ ಹುದುಗಿ ಇಬ್ಬರು ಕಾವಲುಗಾರರು ನಿಂತಿದ್ದರು. ಪುಸ್ತಕದಲ್ಲಿ ಕಿಣ್ವ ಎಂದು ಬರೆಯುತ್ತಾರಲ್ಲ, ಅವರೇ. ಅರ್ಧ ಮೈ ಹೊರಗೆ, ಅರ್ಧ ಒಳಗೆ. ಹೊರಗೆ ಉಪ್ಪು ಏರಿತು. ಇಬ್ಬರ ಮೈಯೂ ತಿರುಚಿಕೊಂಡಿತು. ಅಲ್ಲಿ ಅಪಾಯದ ಸುದ್ದಿ ಎಂದರೆ ಹಣೆಯ ಬೊಟ್ಟು; ಆದರೆ ತನ್ನ ಹಣೆಗೆ ತಾನೇ ಇಟ್ಟುಕೊಳ್ಳಲು ಯಾರಿಗೂ ಕೈ ಎಟುಕದು. ಒಬ್ಬನು ಇನ್ನೊಬ್ಬನ ಹಣೆಗೆ ಇಟ್ಟ. ಒಳಗೆ ಕಾದಿದ್ದ ಓಲೆಕಾರ ಆ ಬೊಟ್ಟನ್ನು ತನ್ನ ಹಣೆಗೆ ತೆಗೆದುಕೊಂಡು ಓಡಿದ. ದೊಡ್ಡ ಬಾಗಿಲುಗಳು ಕಡಿಮೆಯಾದವು, ಕಿರುಬಾಗಿಲುಗಳು ಹೆಚ್ಚಿದವು. ಕೋಟೆ ಉಳಿಯಿತು. ನನ್ನಂಥವನೂ ಹೊರಗೇ ಉಳಿಯಬೇಕಾಯಿತು, ಅದು ಬೇರೆ ಮಾತು.

"ಮರುದಿನ ಉಪ್ಪು ಇಳಿಯಿತು. ಕಿರುಬಾಗಿಲಿನಲ್ಲಿ ಬರುವ ಅನ್ನ ಸಾಲದೆ ಒಳಗಿನವರು ಸೊರಗತೊಡಗಿದರು. ಬೊಟ್ಟು ಇಟ್ಟ ಕಾವಲುಗಾರನೇ ಓಲೆಕಾರನನ್ನು ಕರೆದು, ಅವನ ಹಣೆಯಿಂದ ಅದನ್ನು ಅಳಿಸಲು ಕೈ ಚಾಚಿದ.

"'ನಿನ್ನೆ ಇಟ್ಟವನು ನೀನೇ ಅಲ್ಲವೇನಯ್ಯ? ನಾಲ್ಕು ಜನ ಏನೆಂದಾರು?' ಎಂದ ಓಲೆಕಾರ.

"'ನಾನು ಕಾಯುವುದು ಒಳಗಿನವರನ್ನು, ನನ್ನ ಮಾತನ್ನಲ್ಲ' ಎಂದು ಕಾವಲುಗಾರ ಒರೆಸಿಯೇ ಬಿಟ್ಟ. ಇಟ್ಟ ಬೆರಳೇ ಅಳಿಸಿತು; ದೊಡ್ಡ ಬಾಗಿಲುಗಳು ಮತ್ತೆ ಹೆಚ್ಚಿದವು, ಒಳಗಿನವರಿಗೆ ಅನ್ನ ಸಿಕ್ಕಿತು. ಎಂಥೆಂಥ ಅರಸರಿಗೂ ತಲೆಬಾಗದ ನಾನು ಆ ಬೆರಳಿಗೆ ಕೈ ಮುಗಿದೆ."

ಮೇಷ್ಟ್ರ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ವಾರಿಜಾ ಬೆರಗಾದಳು.

"ಒಂದು ಸಾಸಿವೆಯ ಮೇಲೆ ಅಂಥ ಕೋಟೆಗಳು ಲಕ್ಷಗಟ್ಟಲೆ ಕೂರುತ್ತವೆ. ಅದರ ಗೋಡೆಯಲ್ಲಿ ನಿಂತವನಿಗೆ ಇಷ್ಟು ವಿವೇಕವೇ? ಅವನಿಗೆ ಬುದ್ಧಿ ಎಷ್ಟಿರಬೇಕು, ಮೇಷ್ಟ್ರೇ!"

"ಬುದ್ಧಿ ಇಲ್ಲವೇ ಇಲ್ಲ, ಮಗಳೇ; ಅದಕ್ಕೇ ಅಳಿಸಲು ಅವನಿಗೆ ನಾಚಿಕೆಯಾಗಲಿಲ್ಲ."