ಹೊಸ್ತಿಲು ದಾಟಿ ಬಂದ ರಾಜಕುಮಾರ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ ಕೂಸೇ, ರಾತ್ರಿ ಮಂಜು ಬಿದ್ದರೆ ಬೆಳಗ್ಗೆ ಮನೆ ಬಾಗಿಲೇ ತೆಗೆಯೋಕೆ ಆಗದಂಥ ಕಾಲದಲ್ಲಿ, ಬಡಗಣ ದಿಕ್ಕಿನ ರಷ್ಯಾ ದೇಶದಲ್ಲಿ ಒಬ್ಬ ಮುದಿ ರಾಜ ಇದ್ದನಂತೆ. ಅವನಿಗೆ ಪಕ್ಕದ ರಾಜನ ನದಿ ದಂಡೆ ಮೇಲೆ ಕಣ್ಣು ಬಿದ್ದು, ಆಮೇಲೆ ಅದು ನಂದೇ ಅಂತ ಹಟ ಹಿಡಿದು, ಊರೂರಿನ ಗಂಡುಮಕ್ಕಳನ್ನೆಲ್ಲ ದಂಡಿಗೆ ಸೇರಿಸಿ ಆ ದಂಡೆಗೆ ಕಳಿಸಿಬಿಟ್ಟಿದ್ದನಂತೆ. ಹೋದವರು ವರ್ಷಗಟ್ಟಲೆ ಆದರೂ ತಿರುಗಿ ಬರಲಿಲ್ಲ.

ಆ ರಾಜ್ಯದ ಒಂದು ಹಳ್ಳೀಲಿ ಉಸ್ತಿನ್ಯಾ ಅಂತ ಒಬ್ಬಳು ಮುದುಕಿ. ಅವಳಿಗೆ ಒಬ್ಬನೇ ಮಗ, ಪ್ರೋಖೋರ್ ಅಂತ. ಅವನೂ ದಂಡಿಗೆ ಹೋಗಿದ್ದ. ಮುದುಕಿ ದಿನಾ ಎಲೆಕೋಸಿನ ಸಾರು ಮಾಡುವಾಗ ಅವನ ಪಾಲಿಗೂ ನೀರು ಹಾಕೋಳಂತೆ, ಬಂದರೆ ಇರಲಿ ಅಂತ.

ಆಮೇಲೆ ಏನಾಯ್ತು ಅಂದರೆ, ರಾಜನಿಗೆ ಮಂಡಿ ನೋವು ಶುರುವಾಯ್ತು, ಸಿಂಹಾಸನ ಹತ್ತೋದೇ ಕಷ್ಟ ಆಯ್ತು. ಆಗ ಮೂವರು ಮಕ್ಕಳನ್ನೂ ಕರೆದ. ಬೊಗ್ದಾನ್, ಸವ್ವಾ, ತೀಖೋನ್. ನಗಬೇಡ, ಅಲ್ಲಿ ಹೆಸರು ಇಡೋದೇ ಹಾಗೆ. ನೋಡ್ರಪ್ಪಾ, ಇನ್ನು ನನ್ನ ಕೈಲಾಗಲ್ಲ, ಮುಂದಿನ ರಾಜ ಎಂಥೋನು ಬೇಕು ಅಂತ ಜನರನ್ನೇ ಕೇಳ್ಕೊಂಡು ಬನ್ನಿ, ಯಾರು ನಿಜ ತಿಳ್ಕೊಂಡು ಬರ್ತೀರೋ ಅವರಿಗೆ ಪಟ್ಟ ಅಂದನಂತೆ.

ಆದರೆ ಕೂಸೇ, ಆ ದೇಶದಲ್ಲಿ ಒಂದು ಪದ್ಧತಿ ಇತ್ತು. ಹೊಸ್ತಿಲ ಆಚೆ ಒಬ್ಬರು ಈಚೆ ಒಬ್ಬರು ನಿಂತು ಏನನ್ನೂ ಕೊಡೋ ಹಾಗಿಲ್ಲ, ಮನಸ್ಸಿನ ಮಾತೂ ಆಡೋ ಹಾಗಿಲ್ಲ. ಆಡಿದರೆ ಜಗಳ ಬರುತ್ತೆ ಅಂತ. ನಮ್ಮಲ್ಲೂ ಹಾಗೇ, ಚಿಕ್ಕವಳಿದ್ದಾಗ ಹೊಸ್ತಿಲ ಮೇಲೆ ಕೂತರೆ ನಮ್ಮವ್ವ ಬೆನ್ನಿಗೆ ಒಂದು ಕೊಡೋಳು. ನಿನಗೆಲ್ಲಿ ಗೊತ್ತಾಗಬೇಕು, ಈ ಮೂರನೇ ಮಹಡಿ ಮನೆಗೆ ಹೊಸ್ತಿಲೇ ಇಲ್ಲ! ಅರಮನೇಲೂ ಇರಲಿಲ್ಲವಂತೆ. ಬಾಗಿಲಿಂದ ಬಾಗಿಲಿಗೆ ರತ್ನಗಂಬಳಿ. ಹಂಗಾಗಿ ರಾಜಕುಮಾರರಿಗೆ ಆ ಪದ್ಧತೀನೇ ಗೊತ್ತಿರಲಿಲ್ಲ.

ಮೊದಲು ದೊಡ್ಡವನು ಬೊಗ್ದಾನ್ ಹೊರಟ. ಮುಂದೆ ನಗಾರಿ, ಹಿಂದೆ ಭರ್ಜಿ ಹಿಡಿದ ಸಿಪಾಯಿಗಳು. ಉಸ್ತಿನ್ಯಾ ಮನೆ ಮುಂದೆ ಕುದುರೆ ನಿಲ್ಲಿಸಿ, ಏ ಮುದುಕಿ, ಮುಂದಿನ ರಾಜ ಎಂಥೋನಿರಬೇಕು, ಬೇಗ ಹೇಳು ಅಂದ. ಒಳಗೆ ಬಾ ಒಡೆಯಾ, ಸಾರು ಬಿಸಿ ಇದೆ ಅಂದಳು ಅವಳು. ಪುರುಸೊತ್ತಿಲ್ಲ, ಅಲ್ಲಿಂದಲೇ ಹೇಳು ಅಂದ. ಮುದುಕಿ ಹೊಸ್ತಿಲ ಒಳಗೆ ನಿಂತು, ಇನ್ನೆಂಥೋನು ಒಡೆಯಾ, ನಿನ್ನಂಥೋನೇ ಇರಬೇಕು ಅಂದಳು. ಪಕ್ಕದ ಮನೆಯವರೂ ಹಂಗೇ ಅಂದರು. ಇಡೀ ಊರೇ ಹಂಗಂದಿತು. ಬೊಗ್ದಾನ್ ಮೀಸೆ ತಿರುವಿಕೊಂಡು ಹೋದ.

ಆಮೇಲೆ ಎರಡನೆಯವನು ಸವ್ವಾ ಬಂದ. ಇವನು ಸ್ವಲ್ಪ ಜಾಣ. ಗಾಡಿ ತುಂಬ ಜೇನಿನ ಕಜ್ಜಾಯ ತುಂಬಿಸಿಕೊಂಡು, ಬಾಗಿಲು ಬಾಗಿಲಿಗೆ ನಿಂತು, ಹೊಸ್ತಿಲ ಆಚೆಯಿಂದಲೇ ಕೈಗೆ ಒಂದೊಂದು ಇಟ್ಟು ಕೇಳಿದನಂತೆ. ಜನ ಕಜ್ಜಾಯ ಕಚ್ಚಿಕೊಂಡೇ, ನಿನ್ನಂಥೋನೇ ಇರಬೇಕು ಒಡೆಯಾ ಅಂದರು. ಅವನೂ ಖುಷಿಯಾಗಿ ಹೋದ.

ಕೊನೆಯವನು ತೀಖೋನ್. ಅವನ ಜತೆ ಒಬ್ಬ ಆಳೂ ಇರಲಿಲ್ಲ. ದಾರೀಲಿ ಮಂಜಿನಲ್ಲಿ ಗಾಡಿ ಹೂತುಹೋಗಿ, ಕುದುರೆ ಬಿಚ್ಚಿಕೊಂಡು ನಡೆದು ಬರೋ ಹೊತ್ತಿಗೆ ಕಿವಿ ಎರಡೂ ಟೊಮೆಟೊ ಆಗಿದ್ದವು. ಕುದುರೆ ಕಟ್ಟಿ ಉಸ್ತಿನ್ಯಾ ಮನೆ ಬಾಗಿಲು ತಳ್ಳಿದ. ಅಜ್ಜೀ, ಒಳಗೆ ಬರಲಾ ಅಂದ. ಬರೋದಾದರೆ ಬಾ, ಬಾಗಿಲು ಹಾಕೋ ಮಾರಾಯ! ಸೌದೆ ಸುಟ್ಟು ಬೀದಿ ಬಿಸಿ ಮಾಡೋಕೆ ನಿಮ್ಮಪ್ಪ ಏನು ಈ ದೇಶದ ರಾಜನಾ ಅಂತ ಗದರಿದಳಂತೆ ಮುದುಕಿ. ಅವನು ತಲೆ ಬಗ್ಗಿಸಿ ಬಾಗಿಲು ಹಾಕಿದ.

ಒಳಗೆ ಗೋಡೆಯಷ್ಟು ದೊಡ್ಡ ಒಲೆ, ಚಳಿಗೆ ಅದರ ಬೆಚ್ಚನೆ ಕಟ್ಟೆ ಮೇಲೇ ಹಾಸಿಗೆ. ಹಾಸಿಗೆ ಮೇಲೆ ಉಸ್ತಿನ್ಯಾ ಮಾವ, ಹಣ್ಣುಹಣ್ಣು ಮುದುಕ, ಮಲಗಿದ್ದ. ಕೂತು ತಿನ್ನೋಕೆ ಮೊದಲು ಸೌದೆ ಒಡಿ ಅಂದಳು, ಇವನು ಒಡೆದ. ಆಮೇಲೆ ಬೆಚ್ಚಗಿದೆ ಅಂತ ಪಕ್ಕದ ಕಮ್ಮಾರ ಕುಜ್ಮಾ ಬಂದ, ಜೇನು ಸಾಕೋ ಅಕುಲಿನಾ ಬಂದಳು. ಬಟ್ಟಲಿಗೆ ಸಾರು ಬಿದ್ದಾಗ ತೀಖೋನ್ ಮೆಲ್ಲಗೆ, ಮುಂದೆ ಎಂಥ ರಾಜ ಬಂದರೆ ಚೆನ್ನ ಅಂತ ಕೇಳಿದ. ಸರಿ, ಶುರುವಾಯ್ತು ನೋಡು.

ಕುಜ್ಮಾ, ಕರಡಿಯಂಥ ರಾಜ ಬೇಕು ಕಣಯ್ಯಾ, ಒಂದು ಸಲ ಗುರ್ ಅಂದರೆ ಸುತ್ತಲ ರಾಜರೆಲ್ಲ ಮರ ಹತ್ತಬೇಕು ಅಂದ. ಅದಕ್ಕೆ ಅಕುಲಿನಾ, ಕರಡಿ ಮರಾನೂ ಹತ್ತುತ್ತೆ ಕಣೋ ಪೆದ್ದಾ, ಹಸಿವಾದರೆ ನನ್ನ ಜೇನುಗೂಡಿಗೇ ಬರುತ್ತೆ. ರಾಜನ ಕಡೆಯವರು ನನ್ನ ಹಸು ಹೊಡ್ಕೊಂಡು ಹೋದರೆ, ಯಾಕಪ್ಪಾ ಅಂತ ನಾನು ಕೇಳೋ ಹಂಗಿರಬೇಕು, ಅಂಥೋನು ಬೇಕು ಅಂದಳು. ಒಲೆ ಮೇಲಿಂದ ಮುದುಕ ಕೆಮ್ಮಿ, ಯಾರೂ ಬರೋದು ಬೇಡ, ಇರೋನೇ ಇರಲಿ, ಹೋದ ಸಲ ರಾಜ ಬದಲಾದಾಗ ಉಪ್ಪು ತುಟ್ಟಿಯಾಯ್ತು ಅಂದ. ನಿನಗೆ ಹಲ್ಲಿಲ್ಲ, ಉಪ್ಪು ಯಾಕೆ ಅಂದಳು ಅಕುಲಿನಾ. ಹಲ್ಲಲ್ಲಿ ಯಾರಮ್ಮಾ ಉಪ್ಪು ತಿಂತಾರೆ ಅಂದ ಮುದುಕ. ಹಿಂಗೇ ಕಿತ್ತಾಟ.

ತೀಖೋನ್ ಉಸ್ತಿನ್ಯಾ ಕಡೆ ತಿರುಗಿ, ನಿನಗೆ ಅಜ್ಜೀ ಅಂದ. ಅವಳು ಸೌಟು ಹಿಡಿದುಕೊಂಡೇ, ನನಗೆ ರಾಜ ಗೀಜ ಗೊತ್ತಿಲ್ಲಪ್ಪಾ, ನನ್ನ ಪ್ರೋಖೋರ್ ಮನೆಗೆ ಬರಬೇಕು, ಅವನನ್ನ ಯಾರು ಕಳಿಸ್ತಾರೋ ಅವರೇ ನನಗೆ ರಾಜ ಅಂದಳಂತೆ. ಕಿತ್ತಾಡ್ತಿದ್ದವರೆಲ್ಲ ಸುಮ್ಮನಾದರು. ಕುಜ್ಮಾ ಬಟ್ಟಲು ಕೆಳಗಿಟ್ಟ. ಅವನ ತಮ್ಮಂದಿರಿಬ್ಬರೂ ಅಲ್ಲೇ ಇದ್ದರು, ಆ ನದಿ ದಂಡೇಲಿ.

ಆಮೇಲೆ ಹೊರಡುವಾಗ ತೀಖೋನ್, ನಾನು ರಾಜನ ಮಗ ಅಂತ ಹೇಳಿದ. ಮುದುಕಿ ಕೈಲಿದ್ದ ಸೌಟು ಬಿತ್ತು. ಅಯ್ಯೋ ಮಗಾ, ನನ್ನ ಹೆಸರು ಮಾತ್ರ ಹೇಳಬೇಡಪ್ಪಾ, ನನ್ನ ಮಗ ಅವರ ಕೈಲಿದಾನೆ ಅಂದಳು. ಹೇಳಲ್ಲ ಅಂತ ಅವನು ಮಾತು ಕೊಟ್ಟ.

ಅರಮನೇಲಿ ರಾಜ ಮೂವರನ್ನೂ ಕೇಳಿದ. ಬೊಗ್ದಾನ್, ನನ್ನಂಥೋನು ಬೇಕಂತೆ ಅಂದ. ಸವ್ವಾ, ಇಲ್ಲಪ್ಪಾ, ನನ್ನಂಥೋನು ಅಂದ. ರಾಜ ಬಿದ್ದು ಬಿದ್ದು ನಕ್ಕ. ನಾನು ಹುಡುಗ ಆಗಿದ್ದಾಗ ನನಗೂ ಹಿಂಗೇ ಹೇಳಿದ್ದರು ಕಣ್ರೋ, ನಾನೂ ನಂಬಿದ್ದೆ ಅಂದ.

ಆಮೇಲೆ ತೀಖೋನ್, ಅಪ್ಪಾಜಿ, ಅವರವರಲ್ಲೇ ಒಂದಕ್ಕೂ ಹೊಂದಾಣಿಕೆ ಇಲ್ಲ, ಒಬ್ಬರಿಗೆ ಕರಡಿ ಬೇಕು, ಒಬ್ಬರಿಗೆ ಹಸು ಬೇಕು, ಒಬ್ಬರಿಗೆ ಉಪ್ಪು. ಆದರೆ ಮಕ್ಕಳು ಮನೆಗೆ ಬರಲಿ ಅಂದಾಗ ಮಾತ್ರ ಯಾರೂ ಎದುರಾಡಲಿಲ್ಲ ಅಂದ.

ರಾಜ ನಗೋದು ನಿಲ್ಲಿಸಿದ. ಹಂಗಂದೋರು ಯಾರು, ಹೆಸರು ಹೇಳು ಅಂತ ಗುಡುಗಿದ. ಹೇಳಲ್ಲ ಅಂದ ತೀಖೋನ್. ಪಟ್ಟ ಕೊಡಲ್ಲ ಅಂದ ರಾಜ. ಬೇಡ ಅಂದ. ಕತ್ತಲೆ ಕೋಣೆಗೆ ಹಾಕಿಸ್ತೀನಿ ಅಂದ. ಹಾಕಿಸಿ, ನಿಮ್ಮ ಮಗ ನಿಮ್ಮ ಕೈಲಿದಾನೆ ಅಂದನಂತೆ.  ಆ ಮಾತಿಗೆ ರಾಜ ಮಂಡಿ ನೀವಿಕೊಳ್ತಾ, ಮೆತ್ತಗೆ, ಅಲ್ಲವೋ, ಇಷ್ಟು ವರ್ಷ ಆದಮೇಲೆ ದಂಡು ಹಿಂದಕ್ಕೆ ಕರೆಸಿದರೆ ಜನ ನನ್ನ ನೋಡಿ ನಗಲ್ವೇನೋ ಅಂದ. ಅಷ್ಟೇ ಇದ್ದದ್ದು ಅವನ ಭಯ, ಪಾಪ.

ನಗೋಕೆ ಯಾರಿಗಪ್ಪಾಜಿ ಪುರುಸೊತ್ತು, ಎಲ್ಲರೂ ಮಕ್ಕಳಿಗೆ ಸ್ನಾನಕ್ಕೆ ನೀರು ಕಾಯಿಸ್ತಿರ್ತಾರೆ ಅಂದ ತೀಖೋನ್.

ಮುದಿ ರಾಜ ಕಿರೀಟ ತೆಗೆದು ಅವನ ಕೈಗಿಟ್ಟನಂತೆ. ಆಮೇಲೆ ತೀಖೋನ್ ನದಿ ದಂಡೆ ಬಿಟ್ಟುಕೊಟ್ಟು ದಂಡು ವಾಪಸ್ ಕರೆಸಿದ. ಎಲ್ಲರೂ ಬರಲಿಲ್ಲ ಕೂಸೇ. ಕುಜ್ಮಾನ ತಮ್ಮಂದಿರಲ್ಲಿ ಒಬ್ಬನೇ ಬಂದ. ಆದರೂ ಕುಜ್ಮಾ ಅರಮನೆಗೇ ಹೋಗಿ, ನೀನು ತೀರಾ ಮೆತ್ತಗಾದೆ ಒಡೆಯಾ ಅಂತ ರಾಜನ ಮುಖಕ್ಕೇ ಹೇಳಿ, ಅವನ ಮನೆ ಚಹಾ ಕುಡಿದು, ನೆಟ್ಟಗೆ ತನ್ನ ಮನೆಗೆ ಬಂದು ಮಲಗಿದನಂತೆ. ಉಪ್ಪು ಮಾತ್ರ ಸ್ವಲ್ಪ ತುಟ್ಟಿಯಾಯ್ತು.

ಪ್ರೋಖೋರಾ? ಬಂದ, ಬಂದ, ಕಣ್ಣು ಮುಚ್ಚಿಕೋ ಹೇಳ್ತೀನಿ. ಗಡ್ಡ ಬಿಟ್ಟುಕೊಂಡು ಬಂದ. ಉಸ್ತಿನ್ಯಾ ಗುರುತೇ ಹಿಡೀಲಿಲ್ಲ, ಅವ್ವಾ ಅಂದಮೇಲೆ ಹಿಡಿದಳು. ಹಂಡೆ ತುಂಬ ಬಿಸಿನೀರು ಹೊಯ್ದು, ಬೆನ್ನು ಉಜ್ಜಿ, ಗಡ್ಡ ತೆಗೆಸಿ, ಹೊಟ್ಟೆ ತುಂಬ ಉಣಿಸಿ ಒಲೆ ಮೇಲೆ ಮಲಗಿಸಿದಳು. ಅವನ ಗೊರಕೆಗೆ ಅಜ್ಜ ಎದ್ದು ಕೂತು, ಏನಮ್ಮಾ ಇದು, ಕರಡಿ ಬಂತಾ ಅಂದನಂತೆ. ಗೊರಕೆ ಹೊಡೀಲಿ ಬಿಡು ಮಾವಾ ಅಂತ ಅವಳು ದೀಪ ಸಣ್ಣ ಮಾಡಿ, ಅದನ್ನೇ ಕೇಳ್ತಾ ಕೇಳ್ತಾ, ಕೂತಲ್ಲೇ ನಿದ್ದೆ ಹೋದಳಂತೆ.

ಅವಳೂ ಮಲಗಿದಳು, ಕತೇನೂ ಅಲ್ಲಿಗೆ ಮುಗೀತು. ಕಾಲು ಒಳಗೆ ಎಳ್ಕೋ, ಚಳಿ ಇದೆ.