ಹೆಜ್ಜೆ ಸಪ್ಪಳಕ್ಕೆ ಏಳುವ ಪತಂಗ

ಆಗ ಭೂಮಿ ಇನ್ನೂ ಹೊಸದು. ಗುಡ್ಡದ ಬಂಡೆಗಳ ಬಿಸಿ ಆರಿರಲಿಲ್ಲ. ಯಾವ ಕಡೆ ಬಾಗಬೇಕೆಂದು ಹುಲ್ಲಿಗೆ ಗಾಳಿಯೇ ಹೇಳಿಕೊಡುತ್ತಿತ್ತು.

ಆ ಗುಡ್ಡದ ಇಳಿಜಾರಿನಲ್ಲಿ, ಕಲ್ಲಿನ ಸಂದಿಯಿಂದ ಒಂದು ಪುಟ್ಟ ಪತಂಗ ಹೊರಬಂತು. ಒಣಹುಲ್ಲಿನ ಬಣ್ಣ, ಜೋಳದ ಕಾಳಿನಷ್ಟು ಮೈ. ರೆಕ್ಕೆ ಇನ್ನೂ ಹಸಿ. ಬಿಸಿಲೋ ಸುಡುಸುಡು. ಇನ್ನೊಂದು ಗಳಿಗೆ ಕಳೆದಿದ್ದರೆ ರೆಕ್ಕೆ ಮುದುರಿದ ಹಾಗೇ ಒಣಗಿಬಿಡುತ್ತಿತ್ತು.

ಕುರಿ ಕಾಯುವ ಮಾಳವ್ವ ಅದನ್ನು ಕಂಡಳು. ಹೆಗಲ ಮೇಲಿನ ಕಂಬಳಿ ಹರಡಿ ನೆರಳು ಮಾಡಿ, ರೆಕ್ಕೆ ಬಿಚ್ಚುವ ತನಕ ಕದಲದೆ ಕೂತಳು. ಅಂದಿನಿಂದ ಪತಂಗ ಅವಳನ್ನು ಅವ್ವ ಎಂದೇ ಕರೆಯಿತು. ಅವಳು ನಡೆದಲ್ಲೆಲ್ಲ ಹಾರಿತು, ಅವಳು ಕೂತರೆ ಪಕ್ಕದ ಹುಲ್ಲುಕಡ್ಡಿಗೆ ಅಂಟಿ ಕೂತಿತು.

ಹುಲ್ಲು ಮುಗಿಯುತ್ತ ಬಂತು. ಕುರಿಗಳ ಪಕ್ಕೆಲುಬು ಕಾಣತೊಡಗಿದವು. ಮಾಳವ್ವ ದೂರದ ಹೊಳೆಯ ಕಡೆ ಹೊರಟು ನಿಂತಳು. ಅಷ್ಟು ದೂರ ಹಾರಲಾರದ ಪತಂಗಕ್ಕೆ ಹೇಳಿದಳು: "ಮಳೆ ಬಿದ್ದು ಹುಲ್ಲು ಚಿಗುರಲಿ ಮಗಾ, ಬಂದೇ ಬರ್ತೀನಿ."

ಪತಂಗ ಕಾಯಿತು. ಸಪ್ಪಳವಾಯಿತೆಂದು ಎದ್ದು ಹಾರಿ ನೋಡಿತು. ಮೊಲ. ಮತ್ತೆ ಕೂತಿತು. ಮತ್ತೆ ಸಪ್ಪಳ, ಮತ್ತೆ ಹಾರಿತು. ತೋಳ. ಮತ್ತೆ ಕೂತಿತು.

ನೋಡಿ ನೋಡಿ ಗಾಳಿಯ ಕರುಳು ಚುರುಕ್ ಎಂದಿತು. ಹೊಳೆಯ ತನಕ ನಾನೇ ಹೊತ್ತುಕೊಂಡು ಹೋಗುತ್ತೇನೆ ಬಾ ಎಂದಿತು. ಪತಂಗ ಕೇಳಿತು:

"ನಾನು ಅತ್ತ ಹೋದಾಗ ಅವ್ವ ಇತ್ತ ಬಂದರೆ?"

ಗಾಳಿ ಹುಲ್ಲನ್ನು ಬಾಗಿಸಿಕೊಂಡು ಒಂದೇ ಮುಂದೆ ಹೋಯಿತು.

ಪತಂಗದ ಆಯುಸ್ಸಾದರೂ ಎಷ್ಟು? ಹುಲ್ಲಿನ ಬುಡದಲ್ಲಿ ಮೊಟ್ಟೆಯಿಟ್ಟು, ಅವ್ವ ಬರುತ್ತಾಳೆ, ಸಪ್ಪಳವಾದರೆ ಎದ್ದು ನೋಡಿ ಎಂದು ಒಂದೊಂದಕ್ಕೂ ಪಿಸುಗುಟ್ಟಿತು. ಅವಳು ನೋಡಲು ಹೇಗಿದ್ದಾಳೆಂದು ಹೇಳುವ ಮೊದಲೇ ಉಸಿರು ಮುಗಿಯಿತು.

ಮಳೆ ಬಂತು. ಮಾತು ಕೊಟ್ಟಂತೆ ಮಾಳವ್ವನೂ ಬಂದಳು. ಹುಲ್ಲಿನಲ್ಲಿ ಕಾಲಿಟ್ಟದ್ದೇ ತಡ, ನೂರಾರು ಪತಂಗಗಳು ಎದ್ದವು. ಅವಳನ್ನು ನೋಡಿದವು. ಗುರುತು ಸಿಗಲಿಲ್ಲ. ಸುಮ್ಮನೆ ಕೂತುಬಿಟ್ಟವು.

"ನಾನೇ ಮಗಾ, ಬಂದೀನಿ," ಎಂದಳು ಮಾಳವ್ವ.

ಒಂದೂ ಏಳಲಿಲ್ಲ. ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಎದ್ದವು, ನೋಡಿದವು, ಕೂತವು. ಹೊತ್ತು ಮುಳುಗುವ ತನಕ ಮಾಳವ್ವ ಹುಲ್ಲಿನಲ್ಲಿ ನಡೆಯುತ್ತಲೇ ಇದ್ದಳು.

ಒಣಹುಲ್ಲಿನ ಗುಡ್ಡ ಹತ್ತುವಾಗ ನಿನ್ನ ಹೆಜ್ಜೆಗೊಂದು ಪುಟ್ಟ ಪತಂಗ ಎದ್ದು, ನಾಲ್ಕು ಮಾರು ಹಾರಿ, ಮತ್ತೆ ಹುಲ್ಲಿಗೆ ಅಂಟಿ ಕೂರುತ್ತದಲ್ಲ ಮಗು, ಬಂದದ್ದು ಅವ್ವನೇನೋ ಎಂದು ನೋಡುವುದಕ್ಕೇ ಅದು ಇವತ್ತಿಗೂ ಏಳುವುದು.