ಹಿತ್ತಿಲ ಗೇಟಿನ ಬೀಗ

ಮಂದಾಕಿನಿ ಟೀಚರಿಗೆ ಇದ್ದದ್ದು ಒಂದೇ ಆಸೆ. ಯಾರನ್ನೂ ಕೇಳದೆ ಮನೆಯಿಂದ ಹೊರಡಬೇಕು, ತನ್ನ ಕೆಲಸ ತಾನೇ ಮುಗಿಸಬೇಕು, ತನ್ನ ಕಾಲಿನಲ್ಲೇ ಮನೆಗೆ ಬರಬೇಕು. ಇದೇನು ದೊಡ್ಡ ಆಸೆ ಅಂತೀರಾ? ಎಡಗಣ್ಣು ಪೂರ್ತಿ ಮಂಜಾದವರನ್ನು ಕೇಳಿ ನೋಡಿ, ಹೇಳುತ್ತಾರೆ.

ಅವರು ಸರ್ಕಾರಿ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಊರಾಚೆಯ ಹೊಸ ಬಡಾವಣೆಯಲ್ಲಿ ಅಣ್ಣನ ಮನೆಯಲ್ಲಿದ್ದರು. ಅಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೂ ಗಾಡಿ ಹತ್ತಬೇಕು. ಗಾಡಿ ಓಡಿಸಲು ಕಣ್ಣು ಬಿಡದು. ಪ್ರತಿಸಲವೂ ಅಣ್ಣನ ಮುಂದೆ ಹೋಗಿ ನಿಲ್ಲಬೇಕು. "ಇವತ್ತೇ ಬೇಕಾ ಅದು?" ಎಂದು ಅಣ್ಣ ಕೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಹನ್ನೆರಡು ವರ್ಷ ಅದೇ ಮಾತು ಕೇಳಿಸಿಕೊಂಡವರಿಗೆ ಕೊತ್ತಂಬರಿ ಸೊಪ್ಪಿನ ಮೇಲೇ ಬೇಸರ ಬಂದುಬಿಡುತ್ತದೆ.

ಕೊನೆಗೆ ಟೀಚರು ಊರ ನಡುವಿನ ತೊಟ್ಟಿಲಪೇಟೆಯಲ್ಲಿ ಒಂದು ಫ್ಲ್ಯಾಟ್ ಕೊಂಡರು. ಗಿಜಿಗುಡುವ ಪೇಟೆ ಅದು. ಮರದ ತೊಟ್ಟಿಲು ಮಾಡುವವರು, ಹೂ ಕಟ್ಟುವವರು, ಕಾಫಿಪುಡಿ ಅಂಗಡಿ, ಔಷಧಿ ಅಂಗಡಿ, ಗುಡಿ, ದರ್ಗಾ, ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ. ಮನೆ ತೋರಿಸಲು ಬಂದವನು ಅವರಿಗೆ ಹಾಲ್ ತೋರಿಸಲಿಲ್ಲ, ಅಡುಗೆಮನೆಯನ್ನೂ ತೋರಿಸಲಿಲ್ಲ. ಸೀದಾ ಹಿತ್ತಿಲ ಗೇಟಿಗೆ ಕರೆದುಕೊಂಡು ಹೋಗಿ, "ಹೆಜ್ಜೆ ಎಣಿಸಿಕೊಳ್ಳಿ ಮೇಡಂ" ಎಂದ. ಗೇಟು ದಾಟಿದರೆ ಎದುರಿಗೆ ಒಂದು ಹಳೆಯ ವಠಾರ. ಅದರ ಹಿಂಬಾಗಿಲಿನಿಂದ ಒಳಗೆ ಹೋಗಿ, ಅಂಗಳ ದಾಟಿ, ಮುಂಬಾಗಿಲಿನಿಂದ ಹೊರಗೆ ಬಂದರೆ ಮಾರುಕಟ್ಟೆ ಬೀದಿ. ತೊಂಬತ್ತು ಹೆಜ್ಜೆಯೂ ಆಗಲಿಲ್ಲ. ಟೀಚರು ಅಲ್ಲೇ ಮನಸ್ಸು ಮಾಡಿಬಿಟ್ಟರು.

ಆ ವಠಾರ ಪುಟ್ಟನಂಜಮ್ಮ ಎಂಬ ಮುದುಕಿಯದು. ಒಳಗೆ ಆರು ಸಂಸಾರ. ಬೆಳಗ್ಗೆ ಹಾಲಿನವನು ಬರುವ ಹೊತ್ತಿಗೆ ಎರಡೂ ಬಾಗಿಲು ತೆರೆದರೆ, ಮತ್ತೆ ಹಾಕುವುದು ದೀಪ ಹಚ್ಚಿದ ಮೇಲೆಯೇ. ಯಾರು ಬೇಕಾದರೂ ಆ ಅಂಗಳದ ಮೂಲಕ ಹಾದುಹೋಗಬಹುದು. ಆದರೆ ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಹಾದ್ಹೋಗ್ಲಾ ತಾಯಿ?" ಎಂದು ಕೇಳಬೇಕು. ಒಳಗಿನಿಂದ, "ಹೋಗ್ಬನ್ನಿ" ಎಂದು ಉತ್ತರ ಬರುತ್ತದೆ. ಪುಟ್ಟನಂಜಮ್ಮ ಒಂದು ದಿನವೂ ಯಾರಿಗೂ ಬೇಡ ಎಂದವರಲ್ಲ. ಆದರೂ ಕೇಳಬೇಕು. ಅಲ್ಲಿಯ ಪದ್ಧತಿ ಅದು.

ವಠಾರದವರಿಗೂ ಇತ್ತ ಕೆಲಸವಿತ್ತು. ಫ್ಲ್ಯಾಟಿನ ಮುಂದಿನ ದೊಡ್ಡ ರಸ್ತೆಯಲ್ಲಿ ಬಸ್ ಸ್ಟಾಪು, ಸರ್ಕಾರಿ ಆಸ್ಪತ್ರೆ ಇದ್ದವು. ಮೊದಲು ಫ್ಲ್ಯಾಟಿನ ಜಾಗದಲ್ಲಿ ಮರ ಕುಯ್ಯುವ ಮಿಲ್ಲಿತ್ತು. ಜನ ಅದರೊಳಗಿಂದಲೇ ಆಸ್ಪತ್ರೆಗೆ ಹೋಗಿಬರುತ್ತಿದ್ದರು. ಹಾಗಾಗಿಯೇ ಫ್ಲ್ಯಾಟ್ ಕಟ್ಟಿದವನು ಹಿಂದೆ ಒಂದು ಗೇಟು ಬಿಟ್ಟಿದ್ದ.

ಆರು ತಿಂಗಳು ಟೀಚರು ಹಕ್ಕಿಯ ಹಾಗೆ ಓಡಾಡಿದರು. ಸಂಜೆ ಚೀಲ ಹಿಡಿದು ಹೊರಟು, "ಹಾದ್ಹೋಗ್ಲಾ ತಾಯಿ?" ಎಂದು ಕೇಳಿ, ಬಿಸಿ ಬೋಂಡಾ ತಿಂದು, ಸೊಪ್ಪು ಕೊಂಡು, ಬೇಕೆಂದೇ ನಿಧಾನವಾಗಿ ಮನೆಗೆ ಬರುತ್ತಿದ್ದರು. ಅಣ್ಣನಿಗೆ ಫೋನ್ ಮಾಡಿ, "ಇವತ್ತು ಮೂರು ಸಲ ಪೇಟೆಗೆ ಹೋಗಿದ್ದೆ ಕಣೋ" ಎಂದು ಮಗುವಿನ ಹಾಗೆ ಹೇಳಿಕೊಳ್ಳುತ್ತಿದ್ದರು.

ಇಲ್ಲಿಯವರೆಗೆ ಎಲ್ಲ ಸರಿ. ಇನ್ನು ಮುಂದಿನದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ.

ಫ್ಲ್ಯಾಟಿನವರು ಒಂದು ಸಂಘ ಕಟ್ಟಿಕೊಂಡರು. ಮೊದಲನೇ ಮಹಡಿಯ ಧನಪಾಲ್ ಅಧ್ಯಕ್ಷರಾದರು. ಈ ಧನಪಾಲ್ ದಿನಾ ವಠಾರದ ಅಂಗಳದಲ್ಲೇ ಹಾದುಹೋಗುತ್ತಿದ್ದರು. ಕಿವಿಯಲ್ಲಿ ಫೋನು, ಒಂದು ದಿನವೂ ಬಾಗಿಲಲ್ಲಿ ನಿಂತು ಕೇಳಿದವರಲ್ಲ. ಅಂಥವರಿಗೆ ಒಂದು ಬೆಳಗ್ಗೆ, ಹೊರಗಿನವರು ನಮ್ಮ ಕಾಂಪೌಂಡಿನೊಳಗೆ ಓಡಾಡುವುದು ಸರಿಯಲ್ಲ ಎಂದು ಹೊಳೆಯಿತು! ಹಿತ್ತಿಲ ಗೇಟಿಗೆ ಬೀಗ, ಮನೆಗೊಂದು ಕೀ ಎಂದು ಕಾಗದ ಬರೆದು, ಇಪ್ಪತ್ತನಾಲ್ಕು ಮನೆಗೂ ಕಳಿಸಿದರು.

ಟೀಚರು ಓದದೆ ಸಹಿ ಹಾಕಿದರು ಎಂದು ಹೇಳಿ ಅವರನ್ನು ಬಚಾವು ಮಾಡಬಹುದಿತ್ತು. ಮಾಡುವುದಿಲ್ಲ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನನಗಂತೂ ಕೀ ಕೊಡುತ್ತಾರಲ್ಲ ಎಂದುಕೊಂಡು ಸಹಿ ಹಾಕಿದರು.

ಬೀಗ ಬಿದ್ದ ಮೊದಲ ದಿನ ಟೀಚರು ಪೇಟೆಯಿಂದ ಬಂದು ಗೇಟು ತೆಗೆದರು. ಹಿಂದೆಯೇ ಗಾಲಿಕುರ್ಚಿ ತಳ್ಳಿಕೊಂಡು ನಾಗವೇಣಿ ಬಂದಳು. ವಠಾರದಲ್ಲಿ ಹೂ ಕಟ್ಟಿ ಬದುಕುವ ಹೆಂಗಸು. ಕುರ್ಚಿಯಲ್ಲಿ ಅವಳ ತಂದೆ. ಸಕ್ಕರೆ ಕಾಯಿಲೆಯಿಂದ ಅವರ ಕಾಲಿನಲ್ಲಿ ಹುಣ್ಣಾಗಿ, ದಿನವೂ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಬೇಕಿತ್ತು.

"ಟೀಚರ್, ಹಂಗೇ ಒಂಚೂರು ಹಿಡ್ಕಳಿ ಗೇಟು. ಅಪ್ಪನ್ನ ಕರ್ಕೊಂಡ್ ಹೋಗ್ಬಿಡ್ತೀನಿ."

ಟೀಚರು ಅತ್ತಿತ್ತ ನೋಡಿದರು. ಮೇಲೆ ಬಾಲ್ಕನಿಯಲ್ಲಿ ಧನಪಾಲ್ ನಿಂತಿದ್ದರು. "ಸಂಘದ ರೂಲ್ಸಮ್ಮ, ನನ್ನ ಕೈಲೇನಿಲ್ಲ" ಎಂದು ಟೀಚರು ಬೀಗ ಹಾಕಿಬಿಟ್ಟರು. ಕೀ ಅವರ ಕೈಯಲ್ಲೇ ಇತ್ತು. ಕೈಲೇನಿಲ್ಲವಂತೆ!

ಮರುದಿನ ಪುಟ್ಟನಂಜಮ್ಮ ವಠಾರದ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರು. ಬಾಗಿಲು ಹಾಕಲಿಲ್ಲ. ಎಂದಿನಂತೆ ತೆರೆದೇ ಇತ್ತು.

"ಕೀ ಇಲ್ದೋರು ಹೋಗ್ಬನ್ನಿ. ಕೀ ಇಟ್ಕೊಂಡಿರೋರಿಗೆ ಮಾತ್ರ ಈ ದಾರಿ ಇಲ್ಲ" ಎಂದರು.

ಫ್ಲ್ಯಾಟಿನವರು ಕೆಂಡಾಮಂಡಲವಾದರು. ಧನಪಾಲ್ ನಾಲ್ಕು ಜನರನ್ನು ಕಟ್ಟಿಕೊಂಡು ಜಗಳಕ್ಕೆ ಹೋದರು. "ಇದು ಅನ್ಯಾಯ! ಈ ದಾರಿ ತೋರಿಸಿಯೇ ನಮಗೆ ಮನೆ ಮಾರಿದ್ದಾರೆ. ಎರಡು ನಿಮಿಷಕ್ಕೆ ಮಾರ್ಕೆಟ್ ಅಂತ ಜಾಹೀರಾತಿನಲ್ಲಿ ಹಾಕಿದ್ದಾರೆ!"

"ಹಾಕವ್ರಾ? ನನ್ನ ಅಂಗಳ ಮಾರೋಕೆ ಅವ್ರ್ಯಾರಪ್ಪ? ಕೊಂಡ್ಕಳೋಕೆ ನೀವ್ಯಾರು?" ಎಂದು ಪುಟ್ಟನಂಜಮ್ಮ ಕೇಳಿದರು. ಜಗಳಕ್ಕೆ ಹೋದವರು ಮುದುಕಿಗೆ ಕೊಬ್ಬು ಎಂದು ಗೊಣಗಿಕೊಂಡು ಬಂದರು.

ಈಗ ಪೇಟೆಗೆ ಹೋಗಬೇಕೆಂದರೆ ದೊಡ್ಡ ರಸ್ತೆಯಲ್ಲೇ ಸುತ್ತಿ ಹೋಗಬೇಕು. ಅಲ್ಲಿ ಫುಟ್‌ಪಾತೇ ಇಲ್ಲ. ಉಳಿದವರು ಗಾಡಿ ತೆಗೆದರು. ಟೀಚರು ಏನು ತೆಗೆಯುತ್ತಾರೆ? ಎರಡು ದಿನ ಮನೆಯಲ್ಲೇ ಕೂತರು. ಅಣ್ಣನಿಗೆ ಫೋನ್ ಮಾಡಲೆಂದು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟರು. ಮೂರನೆಯ ದಿನ ಧೈರ್ಯ ಮಾಡಿ ಹೊರಟರು.

ಎಡಗಡೆಯಿಂದ ಬಂದ ಬಸ್ಸು ಅವರಿಗೆ ಕಾಣಲೇ ಇಲ್ಲ. ಹಾರನ್ ಕಿವಿಯ ಹತ್ತಿರವೇ ಕೇಳಿದಾಗ ಗೋಡೆಗೆ ಅಂಟಿಕೊಂಡು ನಿಂತರು. ಚೀಲ ಕೈಜಾರಿತು. "ಕಣ್ ಕಾಣಲ್ವೇನ್ರೀ?" ಎಂದು ಕಂಡಕ್ಟರ್ ಬಾಗಿಲಿನಿಂದಲೇ ಬೈದ. ಕಾಣುವುದಿಲ್ಲ ಎಂದು ಟೀಚರು ಕೂಗಿ ಹೇಳುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

"ಟೀಚರ್, ಕುರ್ಚಿ ಹಿಡಿ ಹಿಡ್ಕಳಿ. ನಾನ್ ದಾಟಿಸ್ತೀನಿ."

ನಾಗವೇಣಿ. ಗಾಲಿಕುರ್ಚಿ ತಳ್ಳಿಕೊಂಡು ಅವಳೂ ಅದೇ ರಸ್ತೆಯಲ್ಲಿ ಆಸ್ಪತ್ರೆಯಿಂದ ಬರುತ್ತಿದ್ದಳು. ಮೈಯೆಲ್ಲ ಧೂಳು. ಅವಳ ತಂದೆ ಬಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಟೀಚರು ಕುರ್ಚಿಯ ಹಿಡಿ ಹಿಡಿದು ಪೇಟೆಯವರೆಗೆ ನಡೆದರು. ಗೇಟಿನ ವಿಷಯ ನಾಗವೇಣಿ ಎತ್ತಲಿಲ್ಲ. ಅವಳು ನಾಲ್ಕು ಮಾತು ಬೈದಿದ್ದರೆ ಟೀಚರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂದು ಸಂಜೆ ಟೀಚರ ಪಿತ್ತ ನೆತ್ತಿಗೇರಿತು. ಮೊದಲು ತಮ್ಮ ಮೇಲೆಯೇ, ಆಮೇಲೆ ಸಂಘದ ಮೇಲೆ. ನೇರವಾಗಿ ಧನಪಾಲರ ಮನೆಗೆ ಹೋಗಿ ಕೀಯನ್ನು ಟೀಪಾಯಿಯ ಮೇಲಿಟ್ಟರು.

"ಏನ್ ಟೀಚರ್ ಇದು? ನೀವೂ ಸಹಿ ಹಾಕಿದ್ದೀರಲ್ಲ" ಎಂದರು ಧನಪಾಲ್.

"ಹಾಕಿದ್ದೆ. ನಾಚಿಕೆಗೇಡಿನ ಕೆಲಸ ಮಾಡಿದೆ. ತಗೊಳ್ಳಿ."

ಮರುದಿನ ಬೆಳಗ್ಗೆ ಟೀಚರು ಗೋಡೆ ಹಿಡಿದುಕೊಂಡು ಸುತ್ತು ದಾರಿಯಲ್ಲಿ ಪೇಟೆಗೆ ಹೋದರು. ಸೊಪ್ಪು ಕೊಂಡು ವಠಾರದ ಮುಂಬಾಗಿಲಿಗೆ ಬಂದರು. "ಹಾದ್ಹೋಗ್ಲಾ ತಾಯಿ? ಕೀ ವಾಪಸ್ ಕೊಟ್ಬಿಟ್ಟೆ."

ಪುಟ್ಟನಂಜಮ್ಮ ಅವರ ಮುಖವನ್ನೇ ನೋಡಿದರು. "ಹೋಗ್ಬನ್ನಿ ಟೀಚರಮ್ಮ. ಆದ್ರೆ ಎಲ್ಲಿಗೋಗ್ತೀರಿ? ಅತ್ತ ಬೀಗ ಐತಲ್ಲ?"

"ಗೊತ್ತು. ಅದಕ್ಕೇ ಬಂದೆ. ನಾಗವೇಣಿ, ಅಪ್ಪನ್ನ ಕರ್ಕೊಂಡು ಬಾಮ್ಮ."

ಟೀಚರು ತಮ್ಮ ಮನೆಯ ಗೇಟನ್ನೇ ಹೊರಗಿನಿಂದ ದಡದಡ ಬಡಿದರು. ವಾಚ್‌ಮನ್ ಓಡಿಬಂದ. ಬಾಲ್ಕನಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಧನಪಾಲ್ ಇಳಿದು ಬಂದು, "ನೀವು ಬನ್ನಿ ಟೀಚರ್. ನಿಮಗೊಬ್ಬರಿಗೆ ತೆಗೆಸ್ತೀನಿ" ಎಂದರು.

"ಮೊದಲು ಅವರು. ಆಮೇಲೆ ನಾನು."

"ಅವರು ಹೊರಗಿನವರು."

"ಯಾರ್ರೀ ಹೊರಗಿನವರು?" ಟೀಚರ ದನಿ ನಾಲ್ಕನೇ ಮಹಡಿಗೂ ಕೇಳಿಸಿತು. "ಮನೆ ತೋರಿಸೋವಾಗ ನಿಮಗೆ ಮೊದಲು ಏನು ತೋರಿಸಿದ್ರು? ಈ ತಾಯಿ ಅಂಗಳ ತಾನೆ? ಅದನ್ನ ನೋಡಿ ಮರುಳಾಗಿ ಬಂದ್ವಿ. ದಿನಾ ಅವರ ಮನೆ ಮಧ್ಯದಲ್ಲೇ ನಡೆದಾಡಿದ್ವಿ. ಅವರು ನಮ್ಮ ಗೋಡೆ ಪಕ್ಕ ಹಾದು ಆಸ್ಪತ್ರೆಗೆ ಹೋದ್ರೆ ನಮ್ಮ ಗಂಟೇನು ಹೋಗುತ್ತೆ? ಈ ಮನುಷ್ಯನ್ನ ಬಸ್ಸುಗಳ ಮಧ್ಯೆ ತಳ್ಳಿಬಿಟ್ಟಿದ್ದೀವಿ. ನಾವು ಮನುಷ್ಯರಾ?"

ಆದರೂ ಗೇಟು ತೆರೆಯಲಿಲ್ಲ. ಟೀಚರು ಬಿಸಿಲಿನಲ್ಲಿ ನಿಂತೇ ಇದ್ದರು. ಸೊಪ್ಪು ಬಾಡಿತು. ಕೊನೆಗೆ ನೋಡಲಾರದೆ ವಾಚ್‌ಮನ್ನೇ ಬೀಗ ತೆಗೆದ. ಗಾಲಿಕುರ್ಚಿ ಒಳಗೆ ಹೋಯಿತು. ಆಮೇಲೆ ಟೀಚರು ಹೋದರು.

ಹೀಗೆ ಹತ್ತು ದಿನ ನಡೆಯಿತು. ದಿನವೂ ಟೀಚರು ಬಡಿದರು, ದಿನವೂ "ಮೊದಲು ಅವರು" ಎಂದರು. ನಾಲ್ಕನೆಯ ದಿನ ಎರಡನೇ ಮಹಡಿಯ ಇಬ್ಬರು ಕೀ ವಾಪಸ್ ಕೊಟ್ಟು ಟೀಚರ ಪಕ್ಕ ಬಂದು ನಿಂತರು. ಎಂಟನೆಯ ದಿನಕ್ಕೆ ಒಂಬತ್ತು ಜನರಾದರು. ಹನ್ನೊಂದನೆಯ ದಿನ ಗೇಟಿಗೆ ಬೀಗವಿರಲಿಲ್ಲ. ಯಾರೂ ತಪ್ಪಾಯಿತು ಅನ್ನಲಿಲ್ಲ ಮತ್ತೆ! ಸಂಘವು ಉದಾರ ಮನಸ್ಸಿನಿಂದ ಗೇಟು ತೆರೆಯಲು ನಿರ್ಧರಿಸಿದೆ ಎಂದು ಲಿಫ್ಟಿನಲ್ಲಿ ಚೀಟಿ ಅಂಟಿಸಿದ್ದರು. ಉದಾರವಂತೆ!

ಅಂದು ಸಂಜೆ ಧನಪಾಲ್ ಚೀಲ ಹಿಡಿದು ವಠಾರದ ಹಿಂಬಾಗಿಲಿಗೆ ಬಂದರು. ಎಂದಿನ ಹಾಗೆ ನುಗ್ಗಲು ಕಾಲು ಎತ್ತಿದರು. ಒಳಗೆ ಪುಟ್ಟನಂಜಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಅಂಗಳದಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಧನಪಾಲರ ಕಾಲು ಹೊಸ್ತಿಲಿನ ಈಚೆಗೇ ಇಳಿಯಿತು. ಕಿವಿಯಿಂದ ಫೋನ್ ತೆಗೆದರು. ಕೆಮ್ಮಿದರು.

"ಹಾದು... ಹೋಗ್ಲಾ ತಾಯಿ?"

ಪುಟ್ಟನಂಜಮ್ಮ ತಲೆ ಎತ್ತದೆ, ಇನ್ನೊಂದು ಕಾಯಿ ಸುಲಿದು ಕಾಳನ್ನು ತಟ್ಟೆಗೆ ಹಾಕಿದರು.

"ಹೋಗ್ಬನ್ನಿ" ಎಂದರು.

ನೀತಿ: ಮನೆಯನ್ನು ಕೊಳ್ಳಬಹುದು, ನೆರೆಹೊರೆಯನ್ನು ಕೊಳ್ಳಲಾಗದು. ಇನ್ನೊಬ್ಬರು ತೆರೆದಿಟ್ಟ ಬಾಗಿಲಿನಿಂದಲೇ ನಮ್ಮ ದಾರಿ ಹತ್ತಿರವಾಗಿದೆ. ಅವರ ಅಂಗಳ ದಾಟಿ ಬಂದು ನಮ್ಮ ಗೇಟಿಗೆ ಬೀಗ ಹಾಕುವವರು ಕೃತಘ್ನರು. ಆ ಬೀಗದ ಕೀ ನಮ್ಮ ಕೈಯಲ್ಲೂ ಇದ್ದರೆ, ತಪ್ಪಿನಲ್ಲಿ ನಮಗೂ ಪಾಲಿದೆ.